ದೇವರಾಯನದುರ್ಗದ ಬೆಂಕಿಯ ಹೊಗೆ ಎತ್ತ ಹೋಯಿತು ಅಂತ ಉಪಗ್ರಹ ಚಿತ್ರದಲ್ಲಿ ಪತ್ತೆ ಮಾಡುವುದು ಹೇಗೆ?

ಗಿರಿಬಳಗ_ತುಮಕೂರು

ಎಲ್ಲರಿಗೂ ನಮಸ್ಕಾರ.

ತುಮಕೂರಿನ ನಮ್ಮ ಪರಿಸರ ಬಳಗ ಈ ಬೇಸಿಗೆಗೆ ಒಂದು ಕೆಲಸ ಹಮ್ಮಿಕೊಂಡಿದೆ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಸುತ್ತಿನ ಗುಡ್ಡಗಳಿಗೆ ಬೀಳುವ ಪ್ರತಿ ಬೆಂಕಿಗೂ ಒಂದೊಂದು ಹಾಳೆ ಮಾಡಬೇಕು: ಎಲ್ಲಿ ಹತ್ತಿತು, ಎಷ್ಟು ಸುಟ್ಟಿತು, ಹೊಗೆ ಯಾವ ಊರುಗಳ ಮೇಲೆ ಹಾಯ್ದು ಹೋಯಿತು. ಮೊದಲ ಎರಡಕ್ಕೆ ದಾರಿ ಕಾಣುತ್ತಿದೆ. ಮೂರನೆಯದು ಕಗ್ಗಂಟಾಗಿದೆ.

ನಾಸಾದ ಫರ್ಮ್ಸ್ ನಕ್ಷೆ (ಬೆಂಕಿಯ ಜಾಗಕ್ಕೆ ಕೆಂಪು ಚುಕ್ಕೆ ಹಾಕುವುದು), ವರ್ಲ್ಡ್‌ವ್ಯೂ (ದಿನದಿನದ ಉಪಗ್ರಹ ಚಿತ್ರ ತೋರಿಸುವುದು) ಎರಡನ್ನೂ ನೋಡುತ್ತಿದ್ದೇವೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ನಕ್ಷೆ ಮಾಡುವ ತಂತ್ರಾಂಶ ಕ್ಯುಜಿಐಎಸ್ ಇದೆ. ಬಗೆಹರಿಯದ ಪ್ರಶ್ನೆಗಳು ಇವು:

ಕಣ್ಣಿಗೆ ಕಂಡ ಬೆಂಕಿಗಳಲ್ಲಿ ಕೆಲವಕ್ಕೆ ಮಾತ್ರ ಕೆಂಪು ಚುಕ್ಕೆ ಬರುತ್ತದೆ, ಯಾಕೆ? ಚುಕ್ಕೆ ಬಂದ ದಿನವೂ ವರ್ಲ್ಡ್‌ವ್ಯೂನಲ್ಲಿ ಹೊಗೆಯ ಬಾಲ ಕಾಣುವುದಿಲ್ಲ. ಬೆಳಿಗ್ಗೆ ಊರಿನ ಮೇಲೆ ಕೂತಿರುವ ಬಿಳಿ ಮಬ್ಬು ಹೊಗೆಯೋ, ಮಂಜೋ, ಧೂಳೋ ಅಂತ ಚಿತ್ರದಲ್ಲೇ ಹೇಳಬಹುದೇ? ಅದು ನಮ್ಮ ಗುಡ್ಡದ್ದೋ, ಆಂಧ್ರದ ಕಾಡುಗಳಿಂದ ಬಂದದ್ದೋ ಅಂತ ಬೇರ್ಪಡಿಸುವುದು ಹೇಗೆ? ಪಾವಗಡದಲ್ಲಿ ಬಿಸಿಲಿನ ಹೊತ್ತಿಗೆ ಬರುವ ಚುಕ್ಕೆಗಳನ್ನು ಬೆಂಕಿ ಅಂತ ಬರೆದುಕೊಳ್ಳಬಹುದೇ?

ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದವರೂ ಮಾಡಬಹುದಾದ ಕ್ರಮ ಇದ್ದರೆ ತಿಳಿಸಿ.

ಪಿಕ್ಸೆಲ್_ನೋಟ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಫರ್ಮ್ಸ್ ಚುಕ್ಕೆ ಹೊಗೆಯಲ್ಲ, ಶಾಖ. ಉಪಗ್ರಹ ನೆತ್ತಿಯ ಮೇಲೆ ಹಾದು ಹೋದ ಆ ಕೆಲವು ಸೆಕೆಂಡುಗಳಲ್ಲಿ ನೆಲದ ಒಂದು ಚೌಕ (ಪಿಕ್ಸೆಲ್) ಸುತ್ತಲಿನ ಚೌಕಗಳಿಗಿಂತ ಅಸಹಜವಾಗಿ ಬಿಸಿಯಾಗಿತ್ತು ಅನ್ನುವುದಷ್ಟೇ ಅದರ ಅರ್ಥ. ಹೊಗೆಯನ್ನು ಬೇರೆ ಚಿತ್ರದಲ್ಲಿ, ಬೇರೆ ರೀತಿಯಲ್ಲಿ ಹುಡುಕಬೇಕು.

ಚುಕ್ಕೆ ತಪ್ಪಲು ಮುಖ್ಯ ಕಾರಣ ಹೊತ್ತು. ಈ ಶಾಖ ಹಿಡಿಯುವ ವೀರ್ಸ್ ಉಪಕರಣ ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಈ ಮೂರು ಉಪಗ್ರಹಗಳಲ್ಲಿದೆ. ಮೂರೂ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು 1ರಿಂದ 3ರ ಒಳಗೆ, ಮತ್ತೆ ರಾತ್ರಿ ಅದೇ 1ರಿಂದ 3ರ ಒಳಗೆ. ಗುಡ್ಡಕ್ಕೆ ಸಂಜೆ 4ಕ್ಕೆ ಬೆಂಕಿ ಬಿದ್ದು, ಒಣಹುಲ್ಲು ಉರಿದು, ರಾತ್ರಿ 9ಕ್ಕೆ ಆರಿದರೆ ಆ ಮೂರಕ್ಕೂ ಅದು ಕಾಣುವುದೇ ಇಲ್ಲ. ಹುಲ್ಲಿನ ಬೆಂಕಿ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲಂಟಾನ ಪೊದೆ, ಬಿದಿರು, ಬಿದ್ದ ಮರದ ಬೊಡ್ಡೆ ಇದ್ದ ಕಡೆ ಮಾತ್ರ ರಾತ್ರಿಯ ಪಾಳಿಯವರೆಗೂ ಕೆಂಡ ಉಳಿಯುತ್ತದೆ. ಹಾಗಾಗಿ "ಚುಕ್ಕೆ ಇಲ್ಲ" ಅಂದರೆ "ಬೆಂಕಿ ಇರಲಿಲ್ಲ" ಅಂತ ಬರೆಯಬೇಡಿ.

ಮೋಡಿಸ್ ಅನ್ನುವ ಇನ್ನೊಂದು ಉಪಕರಣ ಇರುವ ಟೆರ್ರಾ (1999ರಲ್ಲಿ ಹಾರಿದ್ದು) ಮತ್ತು ಅಕ್ವಾ (2002) ಈಗ ಹಳತಾಗಿವೆ. ಎರಡರ ಕಕ್ಷೆಯೂ ಜಾರುತ್ತಿದೆ: ಟೆರ್ರಾ ಮೊದಲಿನ ಹತ್ತೂವರೆಗಿಂತ ಬೇಗ ಬರುತ್ತಿದೆ, ಅಕ್ವಾ ಒಂದೂವರೆಗಿಂತ ತಡವಾಗಿ. ನಿಮ್ಮ ಕೆಲಸಕ್ಕೆ ಇದು ಅನುಕೂಲವೇ, ವೀರ್ಸ್ ಬಿಟ್ಟ ಹೊತ್ತಿನ ಚಿತ್ರ ಸಿಗುತ್ತದೆ. ಆದರೆ ಮೋಡಿಸ್‌ನ ಬೆಂಕಿ ಪಿಕ್ಸೆಲ್ 1 ಕಿ.ಮೀ., ವೀರ್ಸ್‌ದು 375 ಮೀಟರ್. ಮೋಡಿಸ್ ಪಟ್ಟಿಯ (ಒಂದು ಹಾಯುವಿಕೆಯಲ್ಲಿ ಕಾಣುವ ನೆಲದ) ಅಗಲ 2,330 ಕಿ.ಮೀ. ಇರುವುದರಿಂದ ನಮ್ಮ ಅಕ್ಷಾಂಶದಲ್ಲಿ ಕೆಲವು ದಿನ ಎರಡು ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ ಜಿಲ್ಲೆಯೇ ಬಿಟ್ಟುಹೋಗುತ್ತದೆ. ವೀರ್ಸ್‌ಗೆ ಆ ತೊಂದರೆ ಇಲ್ಲ, ಅದರ ಪಟ್ಟಿ 3,000 ಕಿ.ಮೀ. ದಾಟುತ್ತದೆ.

ಫರ್ಮ್ಸ್‌ನಿಂದ ಸಿಎಸ್‌ವಿ (ಕೋಷ್ಟಕದ ಕಡತ) ಇಳಿಸಿಕೊಳ್ಳುವಾಗ ಚೌಕಟ್ಟು ಹೀಗೆ ಕೊಡಿ: ಪಶ್ಚಿಮ 76.3, ದಕ್ಷಿಣ 12.7, ಪೂರ್ವ 78.7, ಉತ್ತರ 14.4. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಇದರೊಳಗೆ ಬರುತ್ತವೆ. ಆಮೇಲೆ ಗಮನಿಸಬೇಕಾದದ್ದು ಸಮಯದ ಕಾಲಂ. ಅದು ಗ್ರೀನ್‌ವಿಚ್ ಸಮಯ, 5 ಗಂಟೆ 30 ನಿಮಿಷ ಕೂಡಿಸಬೇಕು. 0812 ಅಂತ ಇದ್ದರೆ ನಮ್ಮ ಮಧ್ಯಾಹ್ನ 1:42. ಎಕ್ಸೆಲ್‌ನಲ್ಲಿ ತೆರೆದರೆ ಮುಂದಿನ ಸೊನ್ನೆ ಬಿದ್ದು 812 ಆಗುತ್ತದೆ, ಸೂತ್ರ ಹಾಕುವಾಗ ಅಲ್ಲಿ ತಪ್ಪುತ್ತದೆ. ರಾತ್ರಿಯ ಸಾಲಿನಲ್ಲಿ ಇನ್ನೊಂದು ಎಡವಟ್ಟು ಇದೆ. ತಾರೀಕು ಮಾರ್ಚ್ 10, ಸಮಯದ ಕಾಲಂನಲ್ಲಿ 2018 ಅಂತ ಇದ್ದರೆ (ಅಂದರೆ 20:18) ಅದು ನಮಗೆ ಮಾರ್ಚ್ 11ರ ಬೆಳಗಿನ ಜಾವ 1:48. ತಾರೀಕು ಬದಲಾಯಿಸದೆ ಬಿಟ್ಟರೆ ಬೆಂಕಿ ಹತ್ತುವ ಮೊದಲೇ ಚುಕ್ಕೆ ಬಂದಂತೆ ಕಾಣುತ್ತದೆ.

ಚುಕ್ಕೆಗಳನ್ನು ಎಣಿಸಿ "ಇಷ್ಟು ಬೆಂಕಿ" ಅನ್ನಬೇಡಿ. ಒಂದೇ ಉರಿಯನ್ನು ಮೂರು ಉಪಗ್ರಹಗಳೂ ಬರೆದಿರುತ್ತವೆ. ಪಟ್ಟಿಯ ಅಂಚಿನಲ್ಲಿ ಪಿಕ್ಸೆಲ್ ಸುಮಾರು 800 ಮೀಟರಿಗೆ ಹಿಗ್ಗುವುದರಿಂದ ಜಾಗವೂ ಅತ್ತಿತ್ತ ಸರಿಯುತ್ತದೆ. ಒಂದೇ ಹಾಯುವಿಕೆಯಲ್ಲಿ 1 ಕಿ.ಮೀ. ಒಳಗಿರುವ ಚುಕ್ಕೆಗಳನ್ನೆಲ್ಲ ಒಂದು ಗುಂಪು ಮಾಡಿ. ಚುಕ್ಕೆಗೆ 14 ಹೆಕ್ಟೇರ್ ಅಂತ ಗುಣಿಸಿ ಸುಟ್ಟ ಪ್ರದೇಶ ತೆಗೆಯುವುದೂ ಸಲ್ಲ. 14 ಹೆಕ್ಟೇರ್ ಪಿಕ್ಸೆಲ್ಲಿನ ಅಳತೆ, ಅದರೊಳಗೆ ಉರಿದದ್ದು ಒಂದು ಗೆರೆಯಷ್ಟೇ ಇರಬಹುದು.

ಇನ್ನು ಹೊಗೆ. ವರ್ಲ್ಡ್‌ವ್ಯೂನಲ್ಲಿ ವೀರ್ಸ್‌ನ ಟ್ರೂ ಕಲರ್ ಪದರ, ಅದರ ಮೇಲೆ ಎಂ11-ಐ2-ಐ1 ಪದರ (ಅತಿಗೆಂಪು ಕಿರಣ ಬೆರೆಸಿದ ಚಿತ್ರ), ಅದರ ಮೇಲೆ ಬೆಂಕಿ ಚುಕ್ಕೆ. ಮೂರೂ ಒಂದೇ ಉಪಗ್ರಹದ್ದೇ ಇರಲಿ. ನೋವಾ-20ರ ಚುಕ್ಕೆಯನ್ನು ನೋವಾ-21ರ ಚಿತ್ರದ ಮೇಲೆ ಇಟ್ಟರೆ ನಡುವೆ ಸುಮಾರು 50 ನಿಮಿಷದ ಅಂತರ ಬೀಳುತ್ತದೆ, ಅಷ್ಟರಲ್ಲಿ ಹೊಗೆ 10–15 ಕಿ.ಮೀ. ಹೋಗಿರುತ್ತದೆ.

ಆಮೇಲೆ ಎರಡನೆಯ ಪದರವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿ. ಹೊಗೆಯ ಕಣ ಬಲು ಸಣ್ಣದು, ಮೈಕ್ರಾನಿನ ಕಾಲು ಭಾಗದ ಆಸುಪಾಸು. 2.25 ಮೈಕ್ರಾನಿನ ಅತಿಗೆಂಪು ಕಿರಣ ಅದನ್ನು ಹಾಗೇ ದಾಟಿಬಿಡುತ್ತದೆ. ಆದ್ದರಿಂದ ಟ್ರೂ ಕಲರ್‌ನಲ್ಲಿ ನೀಲಿಬೂದಿಯಾಗಿ ಕಂಡದ್ದು ಎಂ11ರಲ್ಲಿ ಮಾಯವಾಗಿ ಕೆಳಗಿನ ನೆಲ ಕಂಡರೆ ಅದು ಹೊಗೆ, ಇಲ್ಲವೇ ಅಷ್ಟೇ ಸಣ್ಣ ಕಣಗಳ ನಗರದ ಮಬ್ಬು. ಮಂಜು ಮತ್ತು ಮೋಡದ ಹನಿ ದೊಡ್ಡವು, ಅವು ಎರಡರಲ್ಲೂ ಉಳಿಯುತ್ತವೆ. ಧೂಳು ಮಂಕಾಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ನಂದಿಬೆಟ್ಟದ ಸುತ್ತಿನ ಚಳಿಗಾಲದ ಮಂಜನ್ನು ಹೊಗೆ ಅಂತ ಬರೆಯದಿರಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ನಿಮಗೆ ಬಾಲ ಕಾಣದಿರುವುದಕ್ಕೆ ನೆಲವೂ ಕಾರಣ. ಮಾರ್ಚ್‌ನಲ್ಲಿ ನಮ್ಮ ಬಯಲು ಕೆಂಪು ಮಣ್ಣು, ಬರೀ ಬಂಡೆ, ಒಣಗಿದ ಕೆರೆಯಂಗಳ. ಎಲ್ಲವೂ ಹೊಳೆಯುವ ನೆಲ. ತೆಳು ಹೊಗೆ ಅದರ ಮೇಲೆ ಎದ್ದು ಕಾಣುವುದಿಲ್ಲ. ಕಡು ಹಸಿರಿನ ತೋಪು, ನೀರಿರುವ ಕೆರೆ, ಅಡಿಕೆ ತೆಂಗಿನ ತೋಟಗಳ ಸಾಲು ಇಂಥ ಗಾಢ ಹಿನ್ನೆಲೆಯ ಮೇಲೆ ಹುಡುಕಿ. ಕೆಲವೇ ಹೆಕ್ಟೇರ್ ಹುಲ್ಲು ಉರಿದ ಹೊಗೆ 375 ಮೀಟರ್ ಪಿಕ್ಸೆಲ್ಲಿನಲ್ಲಿ ಬಹುಪಾಲು ಕಾಣುವುದೇ ಇಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಕಣ್ಣು ಪಳಗಿಸಲು 2019ರ ಫೆಬ್ರವರಿ 21ರಿಂದ 25ರ ತಾರೀಕುಗಳನ್ನು ಹಾಕಿ ಬಂಡೀಪುರ ನೋಡಿ. ಸಾವಿರಾರು ಹೆಕ್ಟೇರ್ ಸುಟ್ಟ ಬೆಂಕಿ ಅದು. ದಿನದಿಂದ ದಿನಕ್ಕೆ ಚುಕ್ಕೆಗಳ ಗುಂಪು ಹೇಗೆ ಸರಿಯುತ್ತದೆ, ಹಿಂದೆ ಬಿಟ್ಟ ಕಪ್ಪು ಎಂ11ರಲ್ಲಿ ಹೇಗೆ ಕಂದುಗೆಂಪಾಗಿ ಕಾಣುತ್ತದೆ ಅನ್ನುವುದು ಒಮ್ಮೆ ಮನಸ್ಸಿಗೆ ಕೂತರೆ ಆಮೇಲೆ ದೇವರಾಯನದುರ್ಗದಲ್ಲಿ ಏನನ್ನು ನಿರೀಕ್ಷಿಸಬಹುದು, ಏನನ್ನು ಬಾರದು ಅಂತ ತಿಳಿಯುತ್ತದೆ.

ಮೂಡಣಗಾಳಿ (ಕೋಲಾರ)

ಪಿಕ್ಸೆಲ್_ನೋಟ ಅವರು ಹೇಳಿದ್ದಕ್ಕೆ ಗಾಳಿಯ ಭಾಗ ಸೇರಿಸುತ್ತೇನೆ. ಹೊಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಗಾಳಿಯಲ್ಲೇ ಇದೆ.

ಆನ್‌ಲೈನ್ ಗಾಳಿ ನಕ್ಷೆಗಳಲ್ಲಿ ಬಹಳ ಜನ 925 ಹೆಕ್ಟೊಪಾಸ್ಕಲ್ ಮಟ್ಟ (ಎತ್ತರವನ್ನು ಗಾಳಿಯ ಒತ್ತಡದಲ್ಲಿ ಹೇಳುವ ಅಳತೆ) ಆರಿಸುತ್ತಾರೆ, "ನೆಲಕ್ಕೆ ಹತ್ತಿರದ್ದು" ಅಂತ. ಕರಾವಳಿಗೆ ಅದು ಸರಿ. ನಮ್ಮ ಕಡೆ ಆಗುವುದಿಲ್ಲ. ತುಮಕೂರು, ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ, ಚಿಕ್ಕಬಳ್ಳಾಪುರ 900ರ ಹತ್ತಿರ. ಇಲ್ಲಿ ನೆಲದ ಮೇಲಿನ ಒತ್ತಡವೇ 910–920 ಹೆಕ್ಟೊಪಾಸ್ಕಲ್. ಅಂದರೆ 925ರ ಮಟ್ಟ ನಮ್ಮ ನೆಲದ ಕೆಳಗಿದೆ! ಮಾದರಿ ಅಲ್ಲಿ ಊಹಿಸಿ ತುಂಬಿದ ಸಂಖ್ಯೆಯನ್ನು ತೋರಿಸುತ್ತದೆ, ಅದಕ್ಕೆ ಅರ್ಥವಿಲ್ಲ. ನೀವು ನೋಡಬೇಕಾದ್ದು ಎರಡು: ನೆಲದಿಂದ 10 ಮೀಟರ್ ಎತ್ತರದ ಗಾಳಿ, ಮತ್ತು 850 ಹೆಕ್ಟೊಪಾಸ್ಕಲ್. 850 ಅಂದರೆ ಸುಮಾರು 1,500 ಮೀಟರ್, ಹೆಚ್ಚುಕಡಿಮೆ ನಂದಿಬೆಟ್ಟದ ನೆತ್ತಿ (1,478 ಮೀಟರ್). ಮಾರ್ಚ್ ಮಧ್ಯಾಹ್ನ ಬಿಸಿಲಿಗೆ ಗಾಳಿ 2–3 ಕಿ.ಮೀ. ಎತ್ತರದವರೆಗೆ ಕಲಕಿಹೋಗುವುದರಿಂದ ಹಗಲಿನ ಹೊಗೆ ಸಾಗುವುದು 850ರ ಗಾಳಿಯ ಜೊತೆ. ರಾತ್ರಿ ನೆಲ ತಣ್ಣಗಾಗಿ ಮೇಲೆ ಬಿಸಿ ಪದರ ಕೂತಾಗ ಹೊಗೆ ಕೆಳಗೇ ಸಿಕ್ಕಿಕೊಂಡು ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ. ಆಗ 850ರ ಬಾಣ ನೋಡಿ ದಿಕ್ಕು ಬರೆದರೆ ಪೂರಾ ತಪ್ಪಾಗಬಹುದು.

ದೂರವನ್ನು ವೇಗದಿಂದ ಭಾಗಿಸಿ ನೋಡುವ ಲೆಕ್ಕ ಯಾವತ್ತೂ ಬಿಡಬೇಡಿ. ದೇವರಾಯನದುರ್ಗದಿಂದ ತುಮಕೂರಿಗೆ ನೇರ ಗೆರೆಯಲ್ಲಿ ಸುಮಾರು 12 ಕಿ.ಮೀ. ಮೂಡಣ ಗಾಳಿ ಗಂಟೆಗೆ 10 ಕಿ.ಮೀ. ಇದ್ದರೆ ಒಂದು ಗಂಟೆ ಚಿಲ್ಲರೆಯಲ್ಲಿ ಹೊಗೆ ಊರು ಮುಟ್ಟಿತು. ದಿನಕ್ಕೆ ಎರಡು ಹೊತ್ತು ಬರುವ ಉಪಗ್ರಹ ಇದನ್ನು ಹಿಡಿಯುವುದು ಅದೃಷ್ಟ. ತಿರುಪತಿ ಕಡೆಯ ಶೇಷಾಚಲಂ ಕಾಡಿನಿಂದ ಕೋಲಾರಕ್ಕೆ 140 ಕಿ.ಮೀ. ಹತ್ತಿರ, ಗಂಟೆಗೆ 20 ಕಿ.ಮೀ. ಗಾಳಿಗೆ 7 ಗಂಟೆ. ಮಧ್ಯಾಹ್ನದ ಉರಿಯ ಹೊಗೆ ರಾತ್ರಿ 8–9ಕ್ಕೆ ಕೋಲಾರ, ಅಲ್ಲಿಂದ ಬೆಳಗಿನ ಜಾವಕ್ಕೆ ತುಮಕೂರು. ನಲ್ಲಮಲ ಇನ್ನೂ ದೂರ, ಕೋಲಾರಕ್ಕೇ 250 ಕಿ.ಮೀ. ಮೇಲೆ. ಬೆಳಿಗ್ಗೆ ಎದ್ದಾಗ ಕಾಣುವ ಮಬ್ಬಿಗೆ ಹಿಂದಿನ ಮಧ್ಯಾಹ್ನದ ಚುಕ್ಕೆಗಳನ್ನು ಆಂಧ್ರದವರೆಗೆ ಹಿಗ್ಗಿಸಿ ನೋಡಬೇಕು ಅನ್ನುವುದು ಇದಕ್ಕೇ. ಪೂರ್ವ 82, ಉತ್ತರ 18ರವರೆಗೆ ಚೌಕಟ್ಟು ದೊಡ್ಡದು ಮಾಡಿ.

ಇದನ್ನು ಕ್ರಮಬದ್ಧವಾಗಿ ಮಾಡಲು ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಹೈಸ್ಪ್ಲಿಟ್ (ಗಾಳಿ ಬಂದ ದಾರಿ ಲೆಕ್ಕ ಹಾಕುವ ಮಾದರಿ) ಇದೆ, ವೆಬ್‌ಸೈಟಿನಲ್ಲೇ ಓಡಿಸಬಹುದು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬ್ಯಾಕ್‌ವರ್ಡ್ ಟ್ರಾಜೆಕ್ಟರಿ (ಹಿಮ್ಮುಖ ದಾರಿ) ಆರಿಸಿ. ಜಾಗ 13.34, 77.10. ಬೆಳಿಗ್ಗೆ ಆರೂವರೆಗೆ ಮಬ್ಬು ಇದ್ದರೆ ಗ್ರೀನ್‌ವಿಚ್ 01 ಗಂಟೆ ಅಂತ ಕೊಡಿ. ಎತ್ತರ ಮೂರು ಕೊಡಿ: ನೆಲದಿಂದ 200, 700, 1500 ಮೀಟರ್. ಅವಧಿ 36 ಗಂಟೆ. ಗಾಳಿ ದತ್ತಾಂಶಕ್ಕೆ ಜಿಎಫ್‌ಎಸ್ (ಜಾಗತಿಕ ಹವಾಮಾನ ಮಾದರಿ) 0.25 ಡಿಗ್ರಿ. ಮೂರು ಗೆರೆಗಳೂ ಒಂದೇ ಕಡೆಗೆ ಹೋದರೆ ಆ ಫಲಿತಾಂಶ ನಂಬಬಹುದು. ಒಂದು ಮೂಡಣಕ್ಕೆ, ಒಂದು ತೆಂಕಣಕ್ಕೆ ಚದುರಿದರೆ ಆ ದಿನದ ದಿಕ್ಕನ್ನು ಖಚಿತ ಅಂತ ಬರೆಯಬೇಡಿ. ಇದರ ಮಿತಿ: 0.25 ಡಿಗ್ರಿ ಅಂದರೆ ಸುಮಾರು 28 ಕಿ.ಮೀ. ಚೌಕ. ದೇವರಾಯನದುರ್ಗದ ಗುಡ್ಡಸಾಲು ಪೂರ್ತಿ ಒಂದು ಚೌಕದೊಳಗೆ ಕರಗಿಹೋಗುತ್ತದೆ, ಮಾದರಿಗೆ ಅಲ್ಲಿ ಬೆಟ್ಟ ಇದೆ ಅಂತಲೇ ಗೊತ್ತಿರುವುದಿಲ್ಲ. ದೂರದ ಹೊಗೆಗೆ ಹೈಸ್ಪ್ಲಿಟ್ ಒಳ್ಳೆಯದು. ಪಕ್ಕದ ಗುಡ್ಡದ ಹೊಗೆಗೆ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಗಾಳಿ ದಿಕ್ಕು, ವೇಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂಜೆ ಬೆಂಕಿಗೆ ಭೂಸ್ಥಿರ (ಸದಾ ಒಂದೇ ಕಡೆ ನಿಂತು ನೋಡುವ) ಉಪಗ್ರಹ ನೋಡಿ. ಇನ್‌ಸ್ಯಾಟ್-3ಡಿಆರ್ ಮತ್ತು 2024ರಲ್ಲಿ ಹಾರಿದ 3ಡಿಎಸ್ ಎರಡೂ ಅರ್ಧ ಗಂಟೆಗೊಂದು ಚಿತ್ರ ಕೊಡುತ್ತವೆ. ಗೋಚರ ಬೆಳಕಿನ ಪಿಕ್ಸೆಲ್ 1 ಕಿ.ಮೀ., ಬೆಂಕಿ ಹಿಡಿಯುವ ಅತಿಗೆಂಪು ಪಿಕ್ಸೆಲ್ 4 ಕಿ.ಮೀ. ಇಸ್ರೋದ ದತ್ತಾಂಶ ತಾಣ ಮೊಸ್‌ಡ್ಯಾಕ್‌ನಲ್ಲಿ ಹೆಸರು ನೋಂದಾಯಿಸಿದರೆ ದತ್ತಾಂಶ ಉಚಿತ. 4 ಕಿ.ಮೀ. ಪಿಕ್ಸೆಲ್ಲಿಗೆ ಗುಡ್ಡದ ಹುಲ್ಲಿನ ಬೆಂಕಿ ಸಾಮಾನ್ಯವಾಗಿ ಸಿಗುವುದಿಲ್ಲ, ದೊಡ್ಡದಾದರೆ ಮಾತ್ರ.

ಇಲ್ಲಿ ಸೂರ್ಯನ ಕೋನದ ಲಾಭ ಪಡೆಯಬಹುದು. ಹೊಗೆ ಬೆಳಕನ್ನು ಮುಂದಕ್ಕೆ ಚದುರಿಸುತ್ತದೆ. ಸೂರ್ಯನಿಗೆ ಎದುರು ನಿಂತು ನೋಡಿದಾಗ ತೆಳು ಹೊಗೆಯೂ ಹೊಳೆಯುತ್ತದೆ, ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡರೆ ಮಂಕು. ಸಂಜೆ ಸೂರ್ಯ ಪಡುವಣದಲ್ಲಿ, ಆಗ ಮೂಡಣದಿಂದ ನೋಡುವ ಜಪಾನಿನ ಹಿಮವಾರಿ-9ರಲ್ಲಿ (140.7 ಡಿಗ್ರಿ ಪೂರ್ವ) ಹೊಗೆ ಎದ್ದು ಕಾಣುತ್ತದೆ, ಹತ್ತು ನಿಮಿಷಕ್ಕೊಂದು ಚಿತ್ರ ಬೇರೆ. ಬೆಳಿಗ್ಗೆ ಅದೇ ಕಾರಣಕ್ಕೆ ಪಡುವಣದಿಂದ, 45.5 ಡಿಗ್ರಿಯಿಂದ ನೋಡುವ ಯುರೋಪಿನ ಮಿಟಿಯೊಸ್ಯಾಟ್ ಒಳ್ಳೆಯದು.

ಪಿಕ್ಸೆಲ್_ನೋಟ

ಹಿಮವಾರಿ ವಿಚಾರದಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು. ನಾವು ಅದರ ನೋಟದ ಅಂಚಿನಲ್ಲಿದ್ದೇವೆ. ತುಮಕೂರಿನಿಂದ ನೋಡಿದರೆ ಆ ಉಪಗ್ರಹ ಮೂಡಣ ದಿಗಂತದಿಂದ ಬರೀ 17 ಡಿಗ್ರಿ ಮೇಲಿರುತ್ತದೆ. ಅಷ್ಟು ಓರೆಯಾಗಿ ನೋಡಿದಾಗ ನೆಲದಿಂದ 2 ಕಿ.ಮೀ. ಎತ್ತರದ ಹೊಗೆ ನಕ್ಷೆಯಲ್ಲಿ ಇರುವ ಜಾಗಕ್ಕಿಂತ ಸುಮಾರು 6 ಕಿ.ಮೀ. ಪಡುವಣಕ್ಕೆ ಸರಿದು ಕಾಣುತ್ತದೆ. ದೇವರಾಯನದುರ್ಗದ ನೆತ್ತಿಯ ಮೇಲಿನ ಹೊಗೆ ತುಮಕೂರಿನ ಅರ್ಧ ದಾರಿಗೆ ಬಂದಂತೆ! ಹೊಗೆ ಇತ್ತೇ, ಯಾವ ಹೊತ್ತಿಗೆ ಎದ್ದಿತು, ಯಾವ ಕಡೆಗೆ ಹೊರಟಿತು ಅನ್ನುವುದಕ್ಕೆ ಹಿಮವಾರಿ ಬಳಸಿ. ಯಾವ ಊರ ಮೇಲೆ ಅನ್ನುವುದಕ್ಕೆ ಬೇಡ. ಇನ್‌ಸ್ಯಾಟ್‌ಗೆ ಈ ತೊಂದರೆ ಇಲ್ಲ, ಅದು ಬಹುಮಟ್ಟಿಗೆ ನಮ್ಮ ನೆತ್ತಿಯಿಂದಲೇ ನೋಡುತ್ತದೆ, ಜಾರುವಿಕೆ 1 ಕಿ.ಮೀ. ಒಳಗೆ.

ನಂದಿಸೀಮೆ (ಚಿಕ್ಕಬಳ್ಳಾಪುರ)

ಪಾವಗಡದ ಚುಕ್ಕೆಗೆ ಉತ್ತರ. ತಿರುಮಣಿ ಸುತ್ತಿನ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆಯಲ್ಲಿ ಹರಡಿದ ಗಾಜಿನ ಫಲಕಗಳು. ಮಧ್ಯಾಹ್ನ ಬಿಸಿಲು ಫಲಕದಿಂದ ಪ್ರತಿಫಲಿಸಿ ನೇರ ಉಪಗ್ರಹದ ಕಣ್ಣಿಗೆ ಬಿದ್ದಾಗ 3.7 ಮೈಕ್ರಾನಿನ ಪಟ್ಟಿಯಲ್ಲಿ ಅದು ಶಾಖದಂತೆಯೇ ಕಾಣುತ್ತದೆ. ಗುರುತಿಸುವುದು ಸುಲಭ: ಹಗಲಲ್ಲಿ ಮಾತ್ರ ಬರುತ್ತದೆ, ರಾತ್ರಿ ಎಂದೂ ಇಲ್ಲ, ಫಲಕಗಳ ಚೌಕದೊಳಗೇ ಇರುತ್ತದೆ, ವಿಶ್ವಾಸದ ಕಾಲಂನಲ್ಲಿ ಹೆಚ್ಚಾಗಿ ಲೋ. ಪಾರ್ಕಿನ ಗಡಿಯನ್ನು ಕ್ಯುಜಿಐಎಸ್‌ನಲ್ಲಿ ಒಂದು ಪಾಲಿಗನ್ ಬರೆದಿಟ್ಟುಕೊಂಡು ಅದರೊಳಗಿನ ಹಗಲು ಚುಕ್ಕೆಗಳನ್ನು ಬೇರೆ ಗುರುತು ಹಾಕಿ. ಅಳಿಸಬೇಡಿ, ಪಾರ್ಕಿನ ಒಳಗೂ ಒಣಹುಲ್ಲಿಗೆ ನಿಜವಾದ ಬೆಂಕಿ ಬೀಳಬಹುದು. ಆಗ ಮರುದಿನದ ಚಿತ್ರದಲ್ಲಿ ಕಪ್ಪು ಕಲೆ ಕಾಣಬೇಕು.

ಇದಕ್ಕೆ ತಿರುಗುಮುರುಗು ಮಾಲೂರು ಕಡೆಯ ಇಟ್ಟಿಗೆ ಗೂಡುಗಳು. ಅವು ಬಂದರೆ ರಾತ್ರಿ ಬರುತ್ತವೆ, ಅದೇ ಜಾಗದಲ್ಲಿ ವಾರಗಟ್ಟಲೆ. ಕೆಲವು ತಿಂಗಳ ನಂತರ ಸಿಗುವ ಪರಿಷ್ಕೃತ ದತ್ತಾಂಶದಲ್ಲಿ ಟೈಪ್ ಅನ್ನುವ ಕಾಲಂ ಇದೆ, 0 ಅಂದರೆ ಸಸ್ಯದ ಬೆಂಕಿ ಇರಬಹುದು, 2 ಅಂದರೆ ನೆಲದ ಮೇಲಿನ ಕಾಯಂ ಶಾಖ. ತಕ್ಷಣ ಸಿಗುವ ದತ್ತಾಂಶದಲ್ಲಿ ಈ ಕಾಲಂ ಇರುವುದಿಲ್ಲ.

ಪಂಜಾಬಿನ ಹಾಗೆ ಕೂಳೆ ಸುಡುವುದು ನಮ್ಮ ಕಡೆ ಇಲ್ಲ, ರಾಗಿ ಹುಲ್ಲು ದನಕ್ಕೆ ಬೇಕು, ಅದನ್ನು ಯಾರೂ ಸುಡುವುದಿಲ್ಲ. ಹೊಲದ ನಡುವೆ ಚುಕ್ಕೆ ಬಂದರೆ ಬದುವಿನ ಕಸ, ನೀಲಗಿರಿ ತೋಪಿನ ಉದುರೆಲೆ, ಒಣಗಿದ ಕೆರೆಯ ಜೊಂಡು ಇವುಗಳಲ್ಲಿ ಒಂದಿರಬಹುದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನೀಲಗಿರಿ ತೋಪು ದಂಡಿಯಾಗಿದೆ. ಎಣ್ಣೆಯಂಶ ಇರುವ ಎಲೆಯಾದ್ದರಿಂದ ದಟ್ಟ ಹೊಗೆ ಕೊಡುತ್ತದೆ.

ಈಗ ಸುಟ್ಟ ಜಾಗದ ಅಳತೆ. ಇದನ್ನು ಸರಿಯಾಗಿ ಮಾಡಿದರೆ ಹೊಗೆಯ ಕಥೆಯೂ ಗಟ್ಟಿಯಾಗುತ್ತದೆ. ಚುಕ್ಕೆ ತಪ್ಪಿದ ಸಂಜೆ ಬೆಂಕಿಗಳೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ ನಮ್ಮ ಮೇಲೆ 5 ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ನಡುವೆ ಹಾಯುತ್ತದೆ. ಅದರ ಚಿತ್ರ ಸಿಗುವ ಕೊಪರ್ನಿಕಸ್ ಬ್ರೌಸರ್‌ನಲ್ಲಿ ಖಾತೆ ತೆರೆದು, ಎಲ್2ಎ (ವಾತಾವರಣದ ಮಬ್ಬು ತಿದ್ದಿದ ಚಿತ್ರ) ಆರಿಸಿ, ಕಸ್ಟಮ್ ಸಂಯೋಜನೆಯಲ್ಲಿ ಕೆಂಪಿಗೆ ಬಿ12, ಹಸಿರಿಗೆ ಬಿ8ಎ, ನೀಲಿಗೆ ಬಿ4 ಹಾಕಿ (ಇವು ಉಪಗ್ರಹ ನೋಡುವ ಬೇರೆ ಬೇರೆ ಬೆಳಕಿನ ಪಟ್ಟಿಗಳ ಹೆಸರು). ಹೊಸದಾಗಿ ಸುಟ್ಟ ಜಾಗ ಕಡು ಕಂದುಗೆಂಪು. ಉರಿ ಇನ್ನೂ ಇದ್ದರೆ ಕಿತ್ತಳೆ ಗೆರೆ. ಅದೇ ದಿನದ ಟ್ರೂ ಕಲರ್‌ನಲ್ಲಿ 10 ಮೀಟರ್ ಪಿಕ್ಸೆಲ್ಲಿನಲ್ಲಿ ಹೊಗೆಯ ಎಳೆಯೂ ಸ್ಪಷ್ಟ, ಸ್ಕಂದಗಿರಿಯಷ್ಟು ಸಣ್ಣ ಗುಡ್ಡದ್ದೂ.

ಹೆಕ್ಟೇರ್ ಲೆಕ್ಕಕ್ಕೆ ಸುಟ್ಟ ನೆಲ ಗುರುತಿಸುವ ಎನ್‌ಬಿಆರ್ ಸೂಚ್ಯಂಕ: ಬಿ8ಎಯಿಂದ ಬಿ12 ಕಳೆದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಬೆಂಕಿಗೆ ಮೊದಲಿನ ಚಿತ್ರದ ಎನ್‌ಬಿಆರ್‌ನಿಂದ ನಂತರದ್ದನ್ನು ಕಳೆಯಿರಿ. ವಿದೇಶಿ ಕೋಷ್ಟಕಗಳಲ್ಲಿ 0.27ಕ್ಕಿಂತ ಮೇಲಿದ್ದರೆ ಮಧ್ಯಮ ಸುಡುವಿಕೆ ಅಂತಿರುತ್ತದೆ. ಅವು ದಟ್ಟ ಕಾಡಿಗೆ ಮಾಡಿದವು. ನಮ್ಮ ಕುರುಚಲು ಗುಡ್ಡ ಬೆಂಕಿಗೆ ಮೊದಲೇ ಒಣಗಿರುವುದರಿಂದ ವ್ಯತ್ಯಾಸ ಸಣ್ಣದು ಬರುತ್ತದೆ. 0.1ರಿಂದ ಶುರು ಮಾಡಿ, ಚಿತ್ರ ನೋಡಿ ಕೈಯಿಂದ ತಿದ್ದಿ. 20 ಮೀಟರಿನ 25 ಪಿಕ್ಸೆಲ್ ಸೇರಿದರೆ 1 ಹೆಕ್ಟೇರ್.

ಮೊದಲಿನ ಮತ್ತು ನಂತರದ ಚಿತ್ರಗಳ ನಡುವೆ 10 ದಿನಕ್ಕಿಂತ ಹೆಚ್ಚು ಬಿಡಬೇಡಿ. ಹುಲ್ಲಿನ ಬೂದಿ ಗಾಳಿಗೆ ಹಾರಿಹೋಗುತ್ತದೆ, ಒಂದು ಮುಂಗಾರುಪೂರ್ವ ಮಳೆ ಬಿದ್ದರೆ ಸಾಕು, ವಾರದಲ್ಲಿ ಹಸಿರು ಚಿಗುರಿ ಕಲೆ ಮುಚ್ಚುತ್ತದೆ. ಕಲ್ಲು ಕ್ವಾರಿ, ಬಂಡೆಯ ನೆರಳು, ನೀರು ಇಳಿದ ಕೆರೆಯಂಗಳ ಇವೂ ಸುಟ್ಟಂತೆ ಕಾಣುತ್ತವೆ. ಗುಡ್ಡದ ವಾಯವ್ಯ ಮಗ್ಗುಲಲ್ಲಿ ಬೆಳಗಿನ ನೆರಳು ಇರುತ್ತದೆ, ಅಲ್ಲಿ ಎರಡು ಸಲ ನೋಡಿ.

ಕೋಲಾರದವರಿಗೆ ಒಂದು ಮಾತು: 78 ಡಿಗ್ರಿ ರೇಖಾಂಶ ನಿಮ್ಮ ಜಿಲ್ಲೆಯ ನಡುವೆಯೇ ಹಾಯುತ್ತದೆ. ಮಾಲೂರು ಯುಟಿಎಂ (ನಕ್ಷೆಯ ಅಳತೆಗೆ ಭೂಮಿಯನ್ನು ಹಂಚಿದ ವಲಯ) 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ಎರಡು ಚಿತ್ರಗಳು ಬೇರೆ ಬೇರೆ ವಲಯದಲ್ಲಿ ಇಳಿದಾಗ ಕಳೆಯುವ ಲೆಕ್ಕ ಕ್ಯುಜಿಐಎಸ್‌ನಲ್ಲಿ ಎಡವುತ್ತದೆ, ಕೆಲವೊಮ್ಮೆ ದೋಷ ಸಂದೇಶವೂ ಬಾರದೆ ಖಾಲಿ ಉತ್ತರ ಬರುತ್ತದೆ. ಮೊದಲು ಎರಡನ್ನೂ 43ಕ್ಕೆ ಪರಿವರ್ತಿಸಿಕೊಳ್ಳಿ. ತುಮಕೂರು ಪೂರ್ತಿ 43ರಲ್ಲೇ ಇದೆ, ನಿಮಗೆ ಈ ಕಾಟ ಇಲ್ಲ.

ಗಿರಿಬಳಗ_ತುಮಕೂರು

ತುಂಬಾ ಉಪಕಾರವಾಯಿತು. 925ರ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇನ್ನೆರಡು ಕೇಳಬೇಕಿದೆ. ಟ್ರೋಪೊಮಿ ಅನ್ನುವ ಉಪಗ್ರಹ ಉಪಕರಣದ ಏರೊಸಾಲ್ (ಗಾಳಿಯಲ್ಲಿ ತೇಲುವ ಕಣ) ಸೂಚ್ಯಂಕದ ಪದರದಲ್ಲಿ ಕೆಲವು ದಿನ ಜಿಲ್ಲೆಯ ಮೇಲೆಲ್ಲ ಕೆಂಪು ಬರುತ್ತದೆ, ಸುತ್ತ ಒಂದೂ ಬೆಂಕಿ ಇರುವುದಿಲ್ಲ. ಗುಡ್ಡ ಉರಿದ ದಿನ ಅದೇ ಪದರ ಸಪ್ಪೆ. ಇದೇಕೆ? ಮತ್ತೆ, ಉಪಗ್ರಹಕ್ಕೆ ಸಿಗದ ಸಂಜೆ ರಾತ್ರಿಯ ಹೊಗೆಯನ್ನು ಹಾಳೆಯಲ್ಲಿ ಹೇಗೆ ತೋರಿಸುವುದು?

ಪಿಕ್ಸೆಲ್_ನೋಟ

ಆ ಸೂಚ್ಯಂಕ ಅತಿನೇರಳೆ ಬೆಳಕಿನದು. ಗಾಳಿಯ ಅಣುಗಳು ಚದುರಿಸಿದ ಅತಿನೇರಳೆಯನ್ನು ಮೇಲಿನ ಹೊಗೆ ಅಥವಾ ಧೂಳಿನ ಪದರ ಎಷ್ಟು ನುಂಗಿತು ಅಂತ ಅಳೆಯುತ್ತದೆ. ಪದರ ಎತ್ತರದಲ್ಲಿದ್ದಷ್ಟೂ ಅದರ ಕೆಳಗೆ ಗಾಳಿ ಹೆಚ್ಚು, ನುಂಗುವುದೂ ಹೆಚ್ಚು. ಹೊಗೆ ನೆಲದಿಂದ 1 ಕಿ.ಮೀ. ಒಳಗೇ ಇದ್ದರೆ ದಟ್ಟವಾಗಿದ್ದರೂ ಸೂಚ್ಯಂಕ ಅಷ್ಟಾಗಿ ಏಳುವುದಿಲ್ಲ. ನಿಮ್ಮ ಗುಡ್ಡದ ಹೊಗೆ ಅಂಥದ್ದು. ಜೊತೆಗೆ ಪಿಕ್ಸೆಲ್ 5.5ಕ್ಕೆ 3.5 ಕಿ.ಮೀ., ಬರುವುದು ಮಧ್ಯಾಹ್ನ ಒಮ್ಮೆ ಮಾತ್ರ. ಬೆಂಕಿಯಿಲ್ಲದ ದಿನದ ಕೆಂಪು ಹೆಚ್ಚಾಗಿ ಎತ್ತರದಲ್ಲಿ ತೇಲಿ ಬಂದ ಮರುಭೂಮಿಯ ಧೂಳು, ಮಾರ್ಚ್ ನಂತರ ಅರೇಬಿಯಾ ಕಡೆಯಿಂದ ಬರುವುದುಂಟು. ಧೂಳೋ ಹೊಗೆಯೋ ಅಂತ ತೀರ್ಮಾನಿಸಲು ಅದೇ ದಿನದ ಟ್ರೋಪೊಮಿಯ ಕಾರ್ಬನ್ ಮಾನಾಕ್ಸೈಡ್ ಪದರ ನೋಡಿ. ಹೊಗೆಯಾದರೆ ಅದೂ ಏರಿರಬೇಕು, ಧೂಳಿಗೆ ಏರುವುದಿಲ್ಲ. ಬೆಂಗಳೂರಿನ ವಾಹನಗಳ ಮಾನಾಕ್ಸೈಡ್ ಸದಾ ಇರುತ್ತದೆ, ಹಾಗಾಗಿ ನೆಲಮಂಗಲದ ಕಡೆಯ ಏರಿಕೆಯನ್ನು ಹಿಂದಿನ ದಿನಗಳ ಜೊತೆ ಹೋಲಿಸದೆ ಬೆಂಕಿಗೆ ಕಟ್ಟಬೇಡಿ.

ಏರೊಸಾಲ್ ಆಪ್ಟಿಕಲ್ ಡೆಪ್ತ್ ಪದರಕ್ಕೂ ಇದೇ ಮಾತು. ಅದು ನೆಲದಿಂದ ಆಕಾಶದವರೆಗಿನ ಇಡೀ ಕಂಬದ ಮೊತ್ತ. ಜನ ಉಸಿರಾಡುವ ಎತ್ತರದಲ್ಲಿ ಎಷ್ಟಿತ್ತು ಅಂತ ಅದೊಂದರಿಂದಲೇ ಹೇಳಲಾಗದು.

ಹೊಗೆಮಾಪಕ

ರಾತ್ರಿಯ ಪ್ರಶ್ನೆಗೆ: ಹುಣ್ಣಿಮೆಯ ಆಸುಪಾಸಿನಲ್ಲಿ ವೀರ್ಸ್‌ನ ಡೇ-ನೈಟ್ ಬ್ಯಾಂಡಿನಲ್ಲಿ ಬೆಳದಿಂಗಳಿಗೆ ದೊಡ್ಡ ಹೊಗೆ ಕಾಣುತ್ತದೆ. ಉಳಿದ ರಾತ್ರಿಗಳಿಗೆ ಉಪಗ್ರಹದಲ್ಲಿ ಉತ್ತರವಿಲ್ಲ, ನೆಲದ ಮೇಲೆ ಅಳೆಯಬೇಕು.

ಗಾಳಿಯ ಕಣ ಅಳೆಯುವ ಪಿಎಂಎಸ್5003 ಸೆನ್ಸರ್, ಅದರ ಓದು ಬರೆದಿಡಲು ಒಂದು ಇಎಸ್‌ಪಿ32 ಬೋರ್ಡ್ ಸಾಕು. ಸೆನ್ಸರಿನ ಫ್ಯಾನಿಗೆ 5 ವೋಲ್ಟ್ ಬೇಕು, ದತ್ತಾಂಶದ ತಂತಿ 3.3 ವೋಲ್ಟ್. 3.3ರಲ್ಲೇ ಎಲ್ಲ ಓಡಿಸಿದರೆ ಫ್ಯಾನ್ ಸೋತು ಸಂಖ್ಯೆ ಸುಳ್ಳು ಬರುತ್ತದೆ. ನೆಲದಿಂದ 2–3 ಮೀಟರ್ ಎತ್ತರ, ಮಳೆ ಬಿಸಿಲು ತಾಗದ ಮಾಡಿನ ಕೆಳಗೆ, ಅಡುಗೆಮನೆ ಕಿಟಕಿ ಮತ್ತು ರಸ್ತೆಯಿಂದ ದೂರ ಇಡಿ. ಗಾಳಿಯ ತೇವ ಶೇ. 80 ದಾಟಿದರೆ ಕಣ ನೀರು ಹೀರಿ ಉಬ್ಬುವುದರಿಂದ ಪಿಎಂ 2.5 (ಸಣ್ಣ ಕಣಗಳ ಪ್ರಮಾಣ) ಹೆಚ್ಚು ತೋರಿಸುತ್ತದೆ. ಅದಕ್ಕೆ ಪಕ್ಕದಲ್ಲೇ ತೇವಮಾಪಕ ಇರಲಿ, ಆ ಹೊತ್ತಿನ ಓದುಗಳಿಗೆ ಗುರುತು ಹಾಕಿ.

ಒಂದೇ ಸೆನ್ಸರ್ ಇದ್ದರೆ ಪಕ್ಕದ ಮನೆಯ ಸೌದೆ ಒಲೆಯೂ ಕಾಡ್ಗಿಚ್ಚಾಗಿ ಕಾಣುತ್ತದೆ. ಮೂರಾದರೂ ಬೇಕು: ಗುಡ್ಡದ ಮೂಡಣಕ್ಕೆ ಊರ್ಡಿಗೆರೆ ಕಡೆ ಒಂದು, ನಾಮದ ಚಿಲುಮೆ ದಾರಿಯಲ್ಲಿ ಒಂದು, ತುಮಕೂರಿನ ಅಂಚಿನಲ್ಲಿ ಒಂದು. ಹತ್ತು ನಿಮಿಷ ಏರಿ ಇಳಿದರೆ ಒಲೆ ಅಥವಾ ಕಸ. ಚಿಲುಮೆ ದಾರಿಯದು ಏರಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಊರಿನದೂ ಏರಿ, ಊರ್ಡಿಗೆರೆಯದು ಸುಮ್ಮನಿದ್ದರೆ ಗುಡ್ಡದ ಹೊಗೆ. ಮೂರೂ ಒಟ್ಟಿಗೆ ನಿಧಾನವಾಗಿ ಏರಿದರೆ ದೂರದ್ದು, ಇಲ್ಲವೇ ರಾತ್ರಿ ಎಲ್ಲ ಕಡೆ ಕೂರುವ ಮಬ್ಬು. ಆಗ ಮೂಡಣಗಾಳಿಯವರು ಹೇಳಿದ ಹೈಸ್ಪ್ಲಿಟ್ ಓಡಿಸಿ. ಈ ಅನುಕ್ರಮ ಸಿಗಬೇಕಾದರೆ ಮೂರರ ಗಡಿಯಾರವೂ ಇಂಟರ್‌ನೆಟ್ ಸಮಯಕ್ಕೆ ಹೊಂದಿರಬೇಕು, ಇಲ್ಲದಿದ್ದರೆ ಯಾವುದು ಮೊದಲು ಅನ್ನುವುದೇ ತಿಳಿಯದು. ಚಿಕ್ಕಬಳ್ಳಾಪುರ, ಕೋಲಾರದವರು ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದ ಓದನ್ನು ಸಮೀರ್ ಆ್ಯಪ್‌ನಲ್ಲಿ ನೋಡಿ ತಮ್ಮ ಸೆನ್ಸರಿಗೆ ಹೋಲಿಸಿಕೊಳ್ಳಬಹುದು.

ಮೂಡಣಗಾಳಿ (ಕೋಲಾರ)

ಹಾಳೆಯಲ್ಲಿ ಹೊಗೆಯ ದಿಕ್ಕಿನ ಪಕ್ಕ "ಆಧಾರ" ಅಂತ ಇನ್ನೊಂದು ಕಾಲಂ ಇಡಿ. ಚಿತ್ರದಲ್ಲಿ ಕಂಡದ್ದು, ಸೆನ್ಸರ್ ಹೇಳಿದ್ದು, ಗಾಳಿ ನೋಡಿ ಊಹಿಸಿದ್ದು, ಏನೂ ಇಲ್ಲ ಅಂತ ನಾಲ್ಕೇ ಬಗೆ. ಮೂರನೆಯ ಬಗೆಯದನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಲ್ಲಿ ಬರೆಯಿರಿ, ತುಂಬುಗೆರೆ ಬೇಡ. ಮುಂದೆ ಯಾರಾದರೂ ಆಸ್ಪತ್ರೆಯ ಲೆಕ್ಕದ ಜೊತೆ ಹೋಲಿಸಲು ಹೊರಟರೆ ಈ ವ್ಯತ್ಯಾಸ ಬೇಕಾಗುತ್ತದೆ.

ಉರಿಯುವುದು ಕಣ್ಣಿಗೆ ಬಿದ್ದ ಕೂಡಲೇ ಅರಣ್ಯ ಇಲಾಖೆಗೆ ಅಥವಾ 112ಕ್ಕೆ ಕರೆ ಮಾಡುವುದು ಮೊದಲು, ಉಪಗ್ರಹದ ಚುಕ್ಕೆ ಬರುವವರೆಗೆ ಕಾಯುವುದಲ್ಲ. ಚುಕ್ಕೆ ನಕ್ಷೆಗೆ ಏರಲು 3 ಗಂಟೆಯವರೆಗೂ ಆಗಬಹುದು. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದ ವನ್ ಅಗ್ನಿ ಜಾಲತಾಣದಲ್ಲಿ ಸಾರ್ವಜನಿಕರೂ ನೋಂದಾಯಿಸಿ ತಮ್ಮ ಪ್ರದೇಶಕ್ಕೆ ಎಸ್‌ಎಂಎಸ್ ಎಚ್ಚರಿಕೆ ಪಡೆಯಬಹುದು, ಬಳಗದ ಇಬ್ಬರ ಮೊಬೈಲಿಗಾದರೂ ಹಾಕಿಸಿಕೊಳ್ಳಿ.

ಗಿರಿಬಳಗ_ತುಮಕೂರು

ಆಗಲಿ. ಆಧಾರದ ಕಾಲಂ ಇವತ್ತೇ ಸೇರಿಸುತ್ತೇವೆ. ಮೊದಲ ಹಾಳೆ ತಯಾರಾದ ಮೇಲೆ ಸಿಎಸ್‌ವಿ, ಸೆಂಟಿನೆಲ್ ಚಿತ್ರದ ತಾರೀಕುಗಳು, ಹೈಸ್ಪ್ಲಿಟ್ ಗೆರೆ ಮೂರನ್ನೂ ಇಲ್ಲೇ ಹಾಕುತ್ತೇವೆ. ಎನ್‌ಬಿಆರ್ ಮಿತಿ 0.1 ನಮ್ಮ ಗುಡ್ಡಕ್ಕೆ ಹೊಂದಿತೋ ಇಲ್ಲವೋ ಅಂತ ನಂದಿಸೀಮೆಯವರು ಒಮ್ಮೆ ನೋಡಿಕೊಡಬೇಕು.